ತಪ್ಪುಗಳಿಗೆ ಕಾವಲಿರುವ ಯಾಕಮ್ಮ

ಬೀದಿದೀಪಗಳು ಇನ್ನೂ ಆರಿಲ್ಲ. ಹಾಲಿನ ವ್ಯಾನು ಒಂದು ಸುತ್ತು ಮುಗಿಸಿ ಹೋಗಿದೆ. ಪ್ರಾಥಮಿಕ ಶಾಲೆಯ ಗೇಟಿನ ಪಕ್ಕದ ಪುಟ್ಟ ಕೋಣೆಯಲ್ಲಿ ಒಬ್ಬ ಹೆಂಗಸು ಬಕೆಟ್ಟಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಹಳೆಯ ಬಟ್ಟೆಯ ತುಂಡುಗಳನ್ನು ಅದ್ದುತ್ತಿದ್ದಾರೆ, ಹಿಂಡುತ್ತಿದ್ದಾರೆ, ಕೊಡವುತ್ತಿದ್ದಾರೆ. ನೋಡಿದವರು ನೆಲ ಒರೆಸಲು ಬಂದವರೆಂದು ತಿಳಿದರೆ ತಪ್ಪಿಲ್ಲ. ಬಾಗಿಲಲ್ಲಿ ನಿಂತಿರುವ, ಅಂಗಿಯ ತೋಳಿಗೆಲ್ಲ ಹಿಟ್ಟು ಮೆತ್ತಿಕೊಂಡಿರುವ ತಂದೆಯೊಬ್ಬ ಹಾಗೇ ತಿಳಿದಿದ್ದಾನೆ.

"ಏನಮ್ಮಾ, ಮೇಡಂ ಎಷ್ಟೊತ್ತಿಗೆ ಬರ್ತಾರೆ?"

"ಬಂದಿದಾರೆ. ಕೈ ಒದ್ದೆ ಇದೆ. ಕೂತ್ಕೊಳಿ."

ಆತ ತಬ್ಬಿಬ್ಬಾಗಿ ಕೂರುತ್ತಾನೆ. ಕೋಣೆಯಲ್ಲಿರುವುದು ಒಂದನೇ ತರಗತಿಯ ಮಕ್ಕಳ ಕುರ್ಚಿ ಮಾತ್ರ. ಕೂತೊಡನೆ ಮೊಣಕಾಲು ಮೇಲೆದ್ದು ಗಲ್ಲವನ್ನು ಮಾತಾಡಿಸಲು ಬರುತ್ತದೆ. ಬ್ರೆಡ್ ಭಟ್ಟಿಯಲ್ಲಿ ರಾತ್ರಿಪಾಳಿ ಮುಗಿಸಿ, ಮನೆಗೆ ಹೋಗುವ ದಾರಿಯಲ್ಲಿ ಜಗಳಕ್ಕೆಂದೇ ಬಂದವನು ಆತ. ಮಗಳು ಎರಡನೇ ತರಗತಿ. ಪುಸ್ತಕ ತೆಗೆದು ನೋಡಿದರೆ ಅರ್ಧ ಖಾಲಿ. ಇನ್ನರ್ಧದಲ್ಲಿ ಬಟ್ಟೆಯ ಚಿತ್ರ, ಹಗ್ಗದ ಚಿತ್ರ, ಮೂಗಿಲ್ಲದ ಒಬ್ಬ ಸೂರ್ಯ.

ಹೆಂಗಸು ಆತನ ಕೈಗೆ ಒಂದು ಒದ್ದೆ ಬಟ್ಟೆ ಕೊಡುತ್ತಾರೆ. "ಇದು ಬೇಗ ಒಣಗ್ಬೇಕು. ಬಿಸಿಲು ಇನ್ನೂ ಬಂದಿಲ್ಲ. ಏನ್ಮಾಡ್ತೀರಾ?"

"ನಮ್ಮ ಭಟ್ಟಿ ಪಕ್ಕ ಹಾಕ್ತೀನಿ," ಎನ್ನುತ್ತಾನೆ ಆತ, ಯೋಚನೆಯೇ ಇಲ್ಲದೆ.

"ಸರಿ. ಇದನ್ನೇ ನಿಮ್ಮ ಮಗಳಿಗೂ ಕೇಳಿದ್ವಿ. ಬಟ್ಟೆಗೆ ಕೈಕಾಲು ಚಾಚಿ ಮಲಗೋಕೆ ಜಾಗ ಕೊಡ್ಬೇಕು, ಮುದುರಿಕೊಂಡ್ರೆ ಒಣಗಲ್ಲ ಅಂದ್ಳು. ಅಂದು ಸುಮ್ನಿರಲಿಲ್ಲ. ಒಂದನ್ನ ಮಡಚಿ, ಒಂದನ್ನ ಬಿಡಿಸಿ ಹಾಕಿ, ಊಟದ ಬೆಲ್ಲಿನ ತನಕ ಮುಟ್ಟಿ ಮುಟ್ಟಿ ನೋಡಿದ್ಳು. ಪುಸ್ತಕ ಖಾಲಿ ಇರೋದು ಅದಕ್ಕೇ. ಅವತ್ತು ಕೈ ಖಾಲಿ ಇರಲಿಲ್ಲ."

ತಂದೆ ಕೈಯಲ್ಲಿದ್ದ ಬಟ್ಟೆಯನ್ನು ನೋಡುತ್ತಾನೆ. ಮಡಚಿಕೊಂಡಿದ್ದದ್ದನ್ನು ಬಿಡಿಸಿ ಮೊಣಕಾಲ ಮೇಲೆ ಹರಡಿಕೊಳ್ಳುತ್ತಾನೆ. ಜಗಳ ಎಲ್ಲಿಗೆ ಹೋಯಿತೆಂಬುದು ಆತನಿಗೇ ತಿಳಿದಂತಿಲ್ಲ.

"ಅರ್ಧ ಕೆಲಸ ಆ ಕುರ್ಚೀನೇ ಮಾಡುತ್ತೆ," ಎಂದು ಆಕೆ ಆಮೇಲೆ ಹೇಳುತ್ತಾರೆ. "ಅದರಲ್ಲಿ ಕೂತು ಜೋರಾಗಿ ಬಯ್ಯೋಕೆ ಯಾರಿಗೂ ಆಗಲ್ಲ. ಹೊಟ್ಟೆ ಒತ್ತುತ್ತೆ."

ಶಾಲೆಯ ಹಾಜರಿಯಲ್ಲಿ ಆಕೆಗೆ ಒಂದು ಹೆಸರಿದೆ, ಸಂಬಳದ ದಿನ ಅದನ್ನು ಕರೆಯುತ್ತಾರೆ. ಉಳಿದ ದಿನಗಳಲ್ಲಿ ಆಕೆ ಯಾಕಮ್ಮ. ಏನು ಹೇಳಿದರೂ "ಯಾಕೆ ಹಾಗನ್ಸುತ್ತೆ ನಿಂಗೆ?" ಎಂದು ತಿರುಗಿ ಕೇಳುತ್ತಾರೆಂದು ಮಕ್ಕಳು ಇಟ್ಟ ಹೆಸರು. ಮಕ್ಕಳಿಂದ ಅಪ್ಪ ಅಮ್ಮಂದಿರಿಗೆ, ಅವರಿಂದ ಗೇಟಿನ ವಾಚ್‌ಮನ್‌ಗೆ, ಕೊನೆಗೆ ಸ್ವಂತ ಗಂಡನಿಗೂ ಅದು ಅಂಟಿದೆ.

ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಆಕೆ ಒಂದನೇ ತರಗತಿಗೆ ಪಾಠ ಹೇಳಿದವರು. ಹೇಳಿದವರು ಎನ್ನುವುದಕ್ಕಿಂತ ಕೂಗಿದವರು. ಆಕೆ "ಅ" ಎಂದರೆ ಎದುರು ರಸ್ತೆಯ ಸೈಕಲ್ ಅಂಗಡಿಯವನು "ಆ" ಎನ್ನುತ್ತಿದ್ದನಂತೆ. ಹಾಗೆ ಕೂಗಿ ಕೂಗಿ ಒಂದು ದಿನ ಗಂಟಲಿನಲ್ಲಿ ಗಂಟುಗಳಾದವು. ಡಾಕ್ಟರು ದೀಪ ಹಿಡಿದು ನೋಡಿ, ಇನ್ನು ತರಗತಿ ಬೇಡ, ಮಾತು ಕಡಿಮೆ ಮಾಡಿ ಎಂದರು. ಅದೇ ವರ್ಷ ಶಾಲೆ ಹೊಸ ದಾರಿ ಹಿಡಿದಿತ್ತು. ಉತ್ತರ ಹೇಳಿ ಬಾಯಿಪಾಠ ಮಾಡಿಸುವ ಬದಲು, ಪ್ರಶ್ನೆ ಇಟ್ಟು ಮಕ್ಕಳೇ ಊಹಿಸಿ, ಪರೀಕ್ಷಿಸಿ, ಮಾತಾಡಿ ಕಲಿಯಲಿ ಎಂಬ ದಾರಿ. ಮಕ್ಕಳು ಖುಷಿಯಾಗಿದ್ದರು. ಪಾಲಕರು ಗೇಟಿನಲ್ಲಿ ಸಾಲು ನಿಂತರು. ಮಕ್ಕಳೆಲ್ಲ ದೊಡ್ಡ ಮಿಸ್ ಎಂದು ಕರೆಯುವ ಮುಖ್ಯೋಪಾಧ್ಯಾಯಿನಿಯ ಬೆಳಗು ಬೈಗುಗಳೆರಡೂ ಅವರಿಗೆ ಸಮಾಧಾನ ಹೇಳುವುದರಲ್ಲೇ ಕಳೆಯುತ್ತಿದ್ದವು. ಅವರು ಒಂದು ಉಪಾಯ ಕಂಡುಕೊಂಡರು: ಕಳೆದುಹೋದ ನೀರಿನ ಬಾಟಲಿ, ಒಂಟಿ ಬೂಟು, ಹಿಡಿ ಮುರಿದ ಕೊಡೆಗಳನ್ನು ಗುಡ್ಡೆ ಹಾಕಿದ್ದ ಗೇಟಿನ ಕೋಣೆ ಖಾಲಿ ಮಾಡಿಸಿ, ಪಾಲಕರೊಡನೆ ಮಾತಾಡುವ ಕೆಲಸಕ್ಕೆ ಯಾಕಮ್ಮನವರನ್ನು ಕೂರಿಸಿದರು.

"ಡಾಕ್ಟ್ರು ಮಾತು ಬಿಡಿ ಅಂದ್ರು, ಶಾಲೆಯೋರು ಮಾತಿನ ಕೆಲಸಾನೇ ಕೊಟ್ರು," ಎಂದು ಆಕೆ ನಗುತ್ತಾರೆ. ನಗುವೂ ಒಣಗಿದ ಬಾಗಿಲು ತೆರೆದಂತೆ ಕಿರುಗುಟ್ಟುತ್ತದೆ. "ಒಳ್ಳೇದೇ ಆಯ್ತು. ಗಂಟಲು ಸರಿ ಇದ್ದಿದ್ರೆ ಭಾಷಣ ಮಾಡ್ತಿದ್ದೆ. ಈಗ ಬಟ್ಟೆ ಕೊಡ್ತೀನಿ, ಅವರೇ ಮಾತಾಡ್ತಾರೆ."

ಗಂಟಲು ಕೆಟ್ಟರೂ ಅನುಕರಣೆ ಕೆಟ್ಟಿಲ್ಲ. ಬಿಡುವಾದಾಗ ಯಾಕಮ್ಮ ಪಾಲಕರ ನಾನಾ ಬಗೆಗಳನ್ನು ಮಾಡಿ ತೋರಿಸಿದರೆ ಅಡುಗೆಕೋಣೆಯ ಆಯಾಗಳು ಸೌಟು ಕೆಳಗಿಟ್ಟು ಬರುತ್ತಾರೆ. 'ಒಂದೇ ನಿಮಿಷ' ಅಪ್ಪ: ಹೆಲ್ಮೆಟ್ ತೆಗೆಯದೆ, ಗಾಡಿಯ ಬೀಗದ ಕೈ ಬೆರಳಲ್ಲಿ ತಿರುಗಿಸುತ್ತ, "ಮೇಡಂ ಒಂದೇ ನಿಮಿಷ, ಇವನು ಫಸ್ಟ್ ಬರ್ತಾನಾ ಇಲ್ವಾ ಅಷ್ಟು ಹೇಳ್ಬಿಡಿ." 'ಪಕ್ಕದ ಮನೆ' ಅಮ್ಮ: "ನಾನೇನೂ ಹೋಲಿಸ್ತಿಲ್ಲ ಮಿಸ್. ಆದ್ರೆ ಪಕ್ಕದ್ಮನೆ ಹುಡುಗಿ ಇವಳಿಗಿಂತ ಮೂರು ತಿಂಗಳು ಚಿಕ್ಕೋಳು, ಹನ್ನೆರಡು ಗ್ರಹದ ಹೆಸರು ಹೇಳ್ತಾಳೆ." ಗ್ರಹಗಳು ಅಷ್ಟಿಲ್ಲವೆಂದು ಯಾಕಮ್ಮ ಹೇಳುವುದಿಲ್ಲ; "ಓ, ಯಾವ್ಯಾವುದಂತೆ?" ಎಂದು ಕೇಳುತ್ತಾರೆ. ಶಾಲೆಯಲ್ಲಿ ಉತ್ತರ ಹೇಳಿಕೊಡುವುದಿಲ್ಲವೆಂದು ಮಗುವನ್ನು ಟ್ಯೂಷನ್ನಿಗೆ ಹಾಕಿದ ಅತ್ತೆ, "ನಮ್ಮ ಕಾಲದಲ್ಲಿ" ಎಂದು ಶುರು ಮಾಡಿ ಆ ಕಾಲದಿಂದ ಈಚೆಗೆ ಬಾರದ ಚಿಕ್ಕಪ್ಪ, ಎಲ್ಲರೂ ಆ ಒಂದು ಮುಖದಲ್ಲಿ ಬಂದು ಹೋಗುತ್ತಾರೆ.

ಇವರೆಲ್ಲರಿಗೂ ಯಾಕಮ್ಮ ಹೇಳುವುದು ಹೆಚ್ಚೇನಿಲ್ಲ. ಮಗು "ಮಂಜುಗಡ್ಡೆ ಯಾಕೆ ತೇಲುತ್ತೆ?" ಎಂದು ಕೇಳಿದಾಗ ತಟ್ಟನೆ ಉತ್ತರ ಕೊಟ್ಟರೆ ಆ ಪ್ರಶ್ನೆ ಅಲ್ಲಿಗೆ ತೀರಿತು. "ನಿಂಗೇನನ್ಸುತ್ತೆ?" ಎಂದು ಕೇಳಿದರೆ ಮಗು ತನಗೆ ಗೊತ್ತಿರುವುದನ್ನೆಲ್ಲ ಕೆದಕಬೇಕಾಗುತ್ತದೆ. "ಅದು ನಿಜಾನಾ ಅಂತ ಹೇಗೆ ತಿಳಿಯೋದು?" ಎಂದರೆ ಲೋಟ, ನೀರು, ಕಲ್ಲು, ಬಿರಡೆ ಎಲ್ಲ ಹೊರಗೆ ಬರುತ್ತವೆ. ಮೇಜು ಒದ್ದೆಯಾಗುತ್ತದೆ. ಮೇಜು ಒರೆಸುವುದು ಪಾಲಕರ ಪಾಲು.

ಹಾಗೆಂದು ಎಲ್ಲವನ್ನೂ ಮಕ್ಕಳೇ ಕಂಡುಹಿಡಿಯಲಿ ಎನ್ನುವ ಪೈಕಿ ಆಕೆ ಅಲ್ಲ. "ಅಕ್ಷರದ ಹೆಸರು ಹೇಳ್ಲೇಬೇಕು. 'ಕ' ಅನ್ನೋದನ್ನ 'ಕ' ಅಂತಾರೆ ಅಂತ ಯಾವ ಮಗು ಪ್ರಯೋಗ ಮಾಡಿ ಕಂಡುಹಿಡಿಯುತ್ತೆ? ಮಗ್ಗಿ ಬೇಕು. ರಸ್ತೆ ದಾಟೋದು ಹೇಳಿಕೊಡಬೇಕು, ಬಿಟ್ಟು ನೋಡೋಕಾಗಲ್ಲ. ಹೇಳೋದು ಯಾವಾಗ, ಬಾಯಿ ಮುಚ್ಕೊಂಡಿರೋದು ಯಾವಾಗ, ಅಷ್ಟು ಗೊತ್ತಾದ್ರೆ ಸಾಕು. ನನಗೂ ಗೊತ್ತಾಗಿರಲಿಲ್ಲ. ಗಂಟಲು ಹೋದ್ಮೇಲೆ ಗೊತ್ತಾಯ್ತು."

ಮನೆಯಲ್ಲಿ ಇದರ ಪೂರ್ತಿ ಫಲ ಉಣ್ಣುವವರು ಆಕೆಯ ಗಂಡ, ಲಿಫ್ಟ್ ರಿಪೇರಿ ಮಾಡುವವರು. "ಕನ್ನಡಕ ಎಲ್ಲಿಟ್ಟಿದೀಯೇ ಅಂದ್ರೆ, 'ಎಲ್ಲಿರಬಹುದು ಅನ್ಸುತ್ತೆ ನಿಮಗೆ?' ಅಂತಾಳೆ," ಎಂದು ಅವರು ದೂರುತ್ತಾರೆ. "ನನ್ನ ಕೆಲಸದಲ್ಲಿ ಹಾಗಾಗಲ್ಲ ಕಣ್ರೀ. ಲಿಫ್ಟ್ ಒಳಗೆ ಸಿಕ್ಕಿಕೊಂಡೋರು ಬಾಗಿಲು ಬಡೀತಿರುವಾಗ, ನಿಮಗೆ ಯಾಕೆ ನಿಂತಿದೆ ಅನ್ಸುತ್ತೆ ಅಂತ ಕೇಳೋಕಾಗುತ್ತಾ?"

ಎರಡನೇ ತರಗತಿಯ ಹೊರಗಿನ ಓಣಿಯಲ್ಲಿ ಒಂದು ಗೋಡೆಯಿದೆ. ಅದು ಊಹೆಯ ಗೋಡೆ. ಹೊಸ ಪ್ರಶ್ನೆ ಬಂದಾಗ ಪ್ರತಿ ಮಗುವೂ ತನ್ನ ಊಹೆಯನ್ನು ಚೀಟಿಯಲ್ಲಿ ಬರೆದು ಅಲ್ಲಿ ಅಂಟಿಸುತ್ತದೆ. ಅದನ್ನು ಯಾರೂ ತಿದ್ದುವುದಿಲ್ಲ. ಪರೀಕ್ಷಿಸಿ ನೋಡಿದ ಮೇಲೆ, ಮಗುವಿಗೇ ಬೇರೆ ಅನ್ನಿಸಿದರೆ, ಹಳೆಯದರ ಕೆಳಗೆ ಹೊಸದನ್ನು ಅಂಟಿಸಬಹುದು. ಬೆಳಿಗ್ಗೆ ಮೊದಲು ಬರುವ ಯಾಕಮ್ಮ ಉದುರಿದ ಚೀಟಿಗಳನ್ನು ಮತ್ತೆ ಅಂಟಿಸುತ್ತಾರೆ, ಅಪ್ಪಂದಿರ ಪೆನ್ನುಗಳಿಂದ ಕಾಪಾಡುತ್ತಾರೆ. ತಪ್ಪುಗಳಿಗೊಬ್ಬ ಕಾವಲುಗಾರ್ತಿ ಇರುವ ಶಾಲೆ ಇದೊಂದೇ ಇರಬೇಕು.

ಈ ಕಾವಲು ಒಮ್ಮೆ ತಪ್ಪಿತು, ಬ್ರೆಡ್ ಭಟ್ಟಿಯ ತಂದೆ ಬಂದುಹೋದ ಕೆಲವೇ ದಿನಗಳಲ್ಲಿ.

ಪ್ರಶ್ನೆ ಇದು: ಒಣಹಾಕಿದ ಬಟ್ಟೆಯ ನೀರು ಎಲ್ಲಿ ಹೋಯಿತು? ಪಾಠ ಒಣಗುವುದರ ಬಗ್ಗೆಯಾದರೂ ಒಣ ಪಾಠವಲ್ಲ. ಗೋಡೆ ತುಂಬಿದೆ. 'ಬಿಸಿಲು ನೆಕ್ಕಿತು.' 'ಬಟ್ಟೆಯ ಒಳಗೇ ಅಡಗಿದೆ, ಒಗೆಯುವಾಗ ಮತ್ತೆ ಬರುತ್ತೆ.' 'ನೀರಿಗೆ ಬೇಜಾರಾಗಿ ಮನೆಗೆ ಹೋಯಿತು.' 'ಹಗ್ಗ ಕುಡಿಯಿತು.' ಮೂಲೆಯಲ್ಲೊಂದು, 'ಗಾಳಿ ತಗೊಂಡು ಹೋಯಿತು.' ಈ ಪೈಕಿ ಯಾಕಮ್ಮನಿಗೆ ಬಹಳ ಹಿಡಿಸಿದ್ದು ಹಗ್ಗದ್ದು. ಹಗ್ಗ ಕುಡಿದಿದ್ದೇ ನಿಜವಾದರೆ ಕುರ್ಚಿಯ ಮೇಲೆ ಹಾಕಿದ ಬಟ್ಟೆ ಒಣಗಬಾರದು. ಮಗುವೇ ಹೋಗಿ ಪರೀಕ್ಷಿಸಬಹುದಾದ, ಕೈಕಾಲಿರುವ ತಪ್ಪು ಅದು.

ಹಗ್ಗದ ಹುಡುಗಿಯ ತಾಯಿ ಬಟ್ಟೆ ಕಾರ್ಖಾನೆಯಲ್ಲಿ ಚೆಕಿಂಗ್ ಕೆಲಸದವರು. ಹೊಲಿದು ಬಂದ ಅಂಗಿಗಳನ್ನು ದೀಪದ ಕೆಳಗೆ ಹರಡಿ, ಹೊಲಿಗೆ ಬಿಟ್ಟಲ್ಲಿ, ಕಲೆಯಿದ್ದಲ್ಲಿ, ಗುಂಡಿ ವಾರೆಯಾದಲ್ಲಿ ಒಂದು ಪುಟ್ಟ ಕೆಂಪು ಬಾಣದ ಸ್ಟಿಕ್ಕರ್ ಹಚ್ಚುವುದು ಅವರ ಕಸುಬು. ಬಾಣ ಹತ್ತಿದ ಅಂಗಿ ತಿದ್ದುವುದಕ್ಕೆ ವಾಪಸು ಹೋಗುತ್ತದೆ. ಸ್ಟಿಕ್ಕರಿನ ಸುರುಳಿ ಸದಾ ಕೈಚೀಲದಲ್ಲಿರುತ್ತದೆ. ಆ ದಿನ ಬೆಳಗಿನ ಪಾಳಿಗೆ ಮುಂಚೆ ಯಾಕಮ್ಮನನ್ನು ಕಂಡು ಹೋಗೋಣವೆಂದು ಬೇಗ ಬಂದಿದ್ದಾರೆ. ಬಸ್ಸು ಕೈಕೊಟ್ಟು ಯಾಕಮ್ಮ ತಡ. ಮಳೆಹನಿ ಬಿತ್ತೆಂದು ವಾಚ್‌ಮನ್ ಇವರನ್ನು ಓಣಿಯಲ್ಲಿ ಕೂರಿಸಿದ್ದಾನೆ. ಎದುರಿಗೆ ಗೋಡೆ. ಕಣ್ಣು ತನ್ನ ಕೆಲಸ ಮಾಡಿದೆ, ಕಣ್ಣಿನ ಹಿಂದೆ ಕೈ ಹೋಗಿದೆ.

ಯಾಕಮ್ಮ ಬರುವ ಹೊತ್ತಿಗೆ ಮಕ್ಕಳೂ ಬಂದಿದ್ದಾರೆ. ಗೋಡೆಗೆ ದಡಾರ ಎದ್ದಂತಿದೆ. ಬಿಸಿಲಿಗೆ ಬಾಣ, ಬೇಜಾರಿಗೆ ಬಾಣ, ಸ್ವಂತ ಮಗಳ ಹಗ್ಗಕ್ಕೂ ಬಾಣ. ಗಾಳಿಯೊಂದು ಮಾತ್ರ ಪಾಸು.

ಆ ತಾಯಿಯ ಮುಖದಲ್ಲಿ ಸೇವೆ ಮಾಡಿದ ತೃಪ್ತಿ. "ಪಾಪ ಮೇಡಂ, ನಿಮ್ಮೊಬ್ಬರ ಕೈಲಿ ಎಷ್ಟು ಅಂತ ಆಗುತ್ತೆ? ಇಷ್ಟೊಂದು ಡಿಫೆಕ್ಟ್ ಹಾಗೇ ನೇತಾಡ್ತಿತ್ತು. ಎಲ್ಲಾ ಗುರುತು ಮಾಡಿದೀನಿ." ಹೇಳಿದವರೇ ಪಾಳಿಗೆ ಹೊತ್ತಾಯಿತೆಂದು ಓಡುತ್ತಾರೆ.

ಯಾಕಮ್ಮ ಬಾಣಗಳನ್ನು ಉಗುರಿನಿಂದ ಎಬ್ಬಿಸಿ ತೆಗೆಯುತ್ತಾರೆ. ಆದರೆ ಮಕ್ಕಳ ಮನಸ್ಸಿನಿಂದ ಎಬ್ಬಿಸುವುದು ಹೇಗೆ? ಮರುದಿನ ತರಗತಿಯ ಮಿಸ್ ಹೊಸ ಪ್ರಶ್ನೆ ಇಡುತ್ತಾರೆ: ಸಂಜೆ ನಮ್ಮ ನೆರಳು ಯಾಕೆ ಉದ್ದ ಆಗುತ್ತೆ? ಚೀಟಿಗಳು ಬರುತ್ತವೆ. 'ಗಾಳಿಯಿಂದ.' 'ಗಾಳಿ.' 'ಗಾಳಿ ಎಳೆಯುತ್ತೆ.' ಬಹುತೇಕ ಎಲ್ಲ ಚೀಟಿಯಲ್ಲೂ ಗಾಳಿ. ನಿನ್ನೆ ಬಾಣ ತಪ್ಪಿಸಿಕೊಂಡ ಉತ್ತರ ಅದೊಂದೇ ಅಲ್ಲವೇ? ಉಳಿದವರು ಚೀಟಿಯನ್ನೇ ಕೊಡುವುದಿಲ್ಲ. ಹಗ್ಗದ ಹುಡುಗಿ ಪೆನ್ಸಿಲನ್ನು ಡಬ್ಬಿಯೊಳಗಿಟ್ಟು ಮುಚ್ಚಳ ಹಾಕಿ, "ಸರಿಯಾದ್ದು ಯಾವುದು ಹೇಳಿ ಮಿಸ್, ಬರೀತೀನಿ," ಎನ್ನುತ್ತಾಳೆ. ಊಹೆ ಹೋಗಿ ಊಹೂಂ ಬಂದಿದೆ.

ಹೊತ್ತೂ ಕೆಟ್ಟದ್ದು. ಆ ಶನಿವಾರವೇ ಪಾಲಕರ ಸಭೆ. ಈ ಮಕ್ಕಳು ಮೂರನೇ ತರಗತಿಗೆ ಹೋದ ಮೇಲೆ ಇದೇ ದಾರಿ ಮುಂದುವರಿಯಬೇಕೋ, ಹಳೆಯ ಪ್ರಶ್ನೋತ್ತರದ ಪುಸ್ತಕಕ್ಕೆ ಮರಳಬೇಕೋ ಎಂದು ಕೈ ಎತ್ತಿಸಿ ತೀರ್ಮಾನಿಸುವುದೆಂದು ಆಡಳಿತ ಮಂಡಳಿ ಹೇಳಿದೆ. ಹಳೆಯ ದಾರಿಯ ಕಡೆಗೆ ಮುಂದಾಳಾಗಿ ಮಗ್ಗಿ ತಾತ ನಿಂತಿದ್ದಾರೆ. ನಿವೃತ್ತ ಗುಮಾಸ್ತರು, ಮೊಮ್ಮಗನನ್ನು ಬಿಡಲು ಬಂದಾಗಲೆಲ್ಲ ಎದುರು ಸಿಕ್ಕ ಮಗುವಿಗೆ "ಹದಿನೇಳೆಂಟ್ಲೆ?" ಎಂದು ಕೇಳಿ, ಮಗು ಓಡಿದರೆ "ನೂರಾ ಮೂವತ್ತಾರು" ಎಂದು ಅದರ ಬೆನ್ನಿಗೆ ಹೇಳುವವರು. ಅರ್ಧ ಬೀದಿ ಅವರ ಮಾತು ಕೇಳುತ್ತದೆ.

"ಸಭೆ ದಿನ ಎಲ್ಲರೂ ಮೊದಲು ನೋಡೋದೇ ಆ ಗೋಡೇನ," ಎನ್ನುತ್ತಾರೆ ದೊಡ್ಡ ಮಿಸ್, ತಲೆ ಹಿಡಿದುಕೊಂಡು. "ಏನು ತೋರಿಸೋಣ? ಗಾಳೀನಾ?"

ಯಾಕಮ್ಮ ಆ ದಿನ ಮನೆಯಲ್ಲಿ ಗಂಡನಿಗೆ ಒಂದೂ ಪ್ರಶ್ನೆ ಕೇಳುವುದಿಲ್ಲ. ಅವರಿಗೆ ಗಾಬರಿಯಾಗುತ್ತದೆ. "ಏನಾಯ್ತೇ? ಬೇಕಾದ್ರೆ ನನ್ನ ಕನ್ನಡಕ ಬಚ್ಚಿಡು," ಎಂದು ರಮಿಸುತ್ತಾರೆ.

ಮರುದಿನ ಬೆಳಕು ಹರಿಯುವ ಮೊದಲೇ ಚೆಕಿಂಗ್ ಅಮ್ಮ ಗೇಟಿನ ಕೋಣೆಯ ಪುಟ್ಟ ಕುರ್ಚಿಯಲ್ಲಿದ್ದಾರೆ. ಯಾಕಮ್ಮ ಕರೆಸಿದ್ದಾರೆ. ಬೈಗುಳಕ್ಕೆ ಸಿದ್ಧವಾಗಿಯೇ ಬಂದಂತೆ ಕೈಚೀಲವನ್ನು ಎದೆಗವಚಿಕೊಂಡಿದ್ದಾರೆ. ಯಾಕಮ್ಮ ಬಯ್ಯುವುದಿಲ್ಲ. ನೆರಳಿನ ಚೀಟಿಗಳನ್ನು ಮಡಿಲಿಗೆ ಸುರಿಯುತ್ತಾರೆ.

ತಾಯಿ ಒಂದೊಂದೇ ಓದುತ್ತಾರೆ. ಗಾಳಿ, ಗಾಳಿ, ಗಾಳಿ. ಮೊದಲು ನಗು, ಆಮೇಲೆ ನಗು ನಿಲ್ಲುತ್ತದೆ. "ನಾನು ಪಾಸ್ ಮಾಡಿದ ಪೀಸನ್ನೇ ಎಲ್ಲರೂ ಹೊಲ್ಕೊಂಡು ಬಂದಿದಾರಲ್ಲ ಮೇಡಂ."

"ನಿಮ್ಮ ಮಗಳದು ಅದರಲ್ಲಿಲ್ಲ. ಅವಳು ಹೊಲಿಯೋದನ್ನೇ ಬಿಟ್ಟಿದಾಳೆ."

ಕೈಚೀಲ ಇನ್ನಷ್ಟು ಬಿಗಿಯಾಗುತ್ತದೆ. ಯಾಕಮ್ಮ ಬೇರೆ ದಾರಿಯಲ್ಲಿ ಬರುತ್ತಾರೆ. "ನಿಮ್ಮ ಕಾರ್ಖಾನೇಲಿ ಹೊಸ ಅಂಗಿ ಬಂದಾಗ ಮೊದಲ್ನೇದನ್ನ ಯಾರು ಹೊಲೀತಾರೆ?"

"ಸ್ಯಾಂಪಲ್ ಸೆಕ್ಷನ್ನೋರು. ಮಾಸ್ಟರ್ ಕತ್ತರಿಸ್ತಾರೆ, ಗೊಂಬೆಗೆ ಹಾಕ್ತಾರೆ, ತೋಳು ಕೂರಲ್ಲ, ಬಿಚ್ತಾರೆ. ಮತ್ತೆ ಕತ್ತರಿಸ್ತಾರೆ. ನೋಡಿದ್ರೆ ನಗು ಬರುತ್ತೆ, ಒಂದು ತೋಳು ಉದ್ದ, ಒಂದು ಗಿಡ್ಡ."

"ನೀವು ಅಲ್ಲಿಗೆ ಹೋಗಿ ಬಾಣ ಹಚ್ಚಲ್ವಾ?"

"ಅಯ್ಯೋ, ಮಾಸ್ಟರು ಕತ್ತರೀಲೇ ಹೊಡೀತಾರೆ. ಚೆಕಿಂಗ್‌ನೋರಿಗೆ ಅಲ್ಲೇನು ಕೆಲಸ ಅಂತಾರೆ. ಅದಿನ್ನೂ..." ಎಂದವರು ಅಲ್ಲೇ ನಿಲ್ಲುತ್ತಾರೆ. ಓಣಿಯ ಕಡೆ ನೋಡುತ್ತಾರೆ. ಕುರ್ಚಿಯಲ್ಲಿ ಇನ್ನೂ ಕುಗ್ಗುತ್ತಾರೆ. "ನಾನು ಸ್ಯಾಂಪಲ್ ಸೆಕ್ಷನ್ನಿಗೆ ನುಗ್ಗಿಬಿಟ್ನಾ?"

"ಗೊತ್ತಿರಲಿಲ್ಲ, ನುಗ್ಗಿದ್ರಿ. ಗೋಡೆ ಮೇಲೆ ನಾವೂ ಬೋರ್ಡ್ ಹಾಕಿಲ್ಲ," ಎನ್ನುತ್ತಾರೆ ಯಾಕಮ್ಮ. "ಆಮೇಲೆ ಬಾಣ ಹಚ್ಚೋ ಕಾಲ ಬರುತ್ತೆ. ಮೇಲಿನ ತರಗತಿಲಿ ಪರೀಕ್ಷೆ ಇದೆ, ಕಾಗುಣಿತ ಇದೆ, ಲೆಕ್ಕ ಇದೆ. ನಿಮ್ಮಂಥೋರು ಬೇಕೇಬೇಕು. ಈ ಗೋಡೇಲಿ ಮಾತ್ರ ಬೇಡ."

"ಈಗ ಏನ್ಮಾಡ್ಲಿ? ಮನೇಲೂ ಮಗಳು ಮಾತಾಡ್ತಿಲ್ಲ. ಏನು ಕೇಳಿದ್ರೂ ಮೊದಲು ನನ್ನ ಕೈ ನೋಡ್ತಾಳೆ."

"ಒಂದು ಪಾಳಿ ರಜಾ ಸಿಗುತ್ತಾ?"

ಸಿಗುತ್ತದೆ, ಸೂಪರ್‌ವೈಸರನ ಗೊಣಗಾಟದ ಸಮೇತ. ಶುಕ್ರವಾರ ಚೆಕಿಂಗ್ ಅಮ್ಮ ಎರಡನೇ ತರಗತಿಯ ಮಧ್ಯೆ, ಮಗಳ ಪಕ್ಕದ ಬೆಂಚಿನಲ್ಲಿ ಕೂತಿದ್ದಾರೆ. ಮಕ್ಕಳು ಅವರ ಕೈಚೀಲದ ಮೇಲೆ ಕಣ್ಣಿಟ್ಟಿದ್ದಾರೆ. ಯಾಕಮ್ಮ ಎರಡು ಒದ್ದೆ ಬಟ್ಟೆ ಹಿಡಿದಿದ್ದಾರೆ. ಒಂದೇ ಥಾನಿನಿಂದ ಕತ್ತರಿಸಿದ್ದು, ಒಂದೇ ಸಮ ಹಿಂಡಿದ್ದು. ಒಂದನ್ನು ಗಾಜಿನ ಜಾಡಿಯೊಳಗೆ ಹಾಕಿ, ಮುಚ್ಚಳ ಬಿಗಿದು, ಕಿಟಕಿಯ ಚುರುಕು ಬಿಸಿಲಿಗೆ ಇಡುವುದು. ಇನ್ನೊಂದನ್ನು ನೆರಳಿನಲ್ಲಿ, ಫ್ಯಾನಿನ ಕೆಳಗೆ ಹರಡುವುದು. ಯಾವುದು ಮೊದಲು ಒಣಗುತ್ತೆ?

 ಯಾರೂ ಚೀಟಿ ಮುಟ್ಟುವುದಿಲ್ಲ. ಆಗ ಚೆಕಿಂಗ್ ಅಮ್ಮ ಮಗಳ ಡಬ್ಬಿ ತೆರೆದು, ಪೆನ್ಸಿಲು ತೆಗೆದು, ತಾವೇ ಬರೆಯುತ್ತಾರೆ. ಎದ್ದು ಓಣಿಗೆ ಹೋಗಿ, ಹೊಸ ಪ್ರಶ್ನೆಗೆಂದು ಖಾಲಿ ಮಾಡಿದ ಗೋಡೆಯ ನಟ್ಟನಡುವೆ ಅಂಟಿಸುತ್ತಾರೆ: 'ಜಾಡಿಯದು. ಯಾಕಂದರೆ ಬಿಸಿಲು, ಮೇಲೆ ಗಾಜಿನ ಶಾಖ. ನಮ್ಮ ಇಸ್ತ್ರಿ ಸೆಕ್ಷನ್ನಿನಲ್ಲಿ ಶಾಖಕ್ಕೆ ಎಲ್ಲಾ ಒಣಗುತ್ತೆ.'

ಇದು ನಾಟಕವಲ್ಲ. ಅವರಿಗೆ ನಿಜವಾಗಿಯೂ ಹಾಗೆಯೇ ಅನ್ನಿಸಿದೆ. ಯಾಕಮ್ಮ ಮುಂಚೆ ಹೇಳಿಲ್ಲ, ಅವರು ಕೇಳಿಲ್ಲ.

ಊಟದ ಬೆಲ್ ಆಗಿ ಎಲ್ಲರೂ ಮರಳುವಷ್ಟರಲ್ಲಿ ಫ್ಯಾನಿನ ಕೆಳಗಿನ ಬಟ್ಟೆ ಗರಿಗರಿಯಾಗಿದೆ. ಜಾಡಿಯದನ್ನು ಹೊರತೆಗೆದು ಹಿಂಡಿದರೆ ತೊಟಕ್ಕೆಂದು ಹನಿ ಬೀಳುತ್ತದೆ. ಮಗಳು ಅಮ್ಮನನ್ನು ನೋಡುತ್ತಾಳೆ, ಬಾಗಿಲಾಚೆಯ ಗೋಡೆಯನ್ನು ನೋಡುತ್ತಾಳೆ. ಆಮೇಲೆ ಅಮ್ಮನ ಕೈಚೀಲಕ್ಕೆ ಕೈ ಹಾಕಿ ಸ್ಟಿಕ್ಕರಿನ ಸುರುಳಿ ತೆಗೆಯುತ್ತಾಳೆ. ಒಂದು ಕೆಂಪು ಬಾಣ ಬೆರಳ ತುದಿಗೆ ಬರುತ್ತದೆ. ಇಡೀ ತರಗತಿ ಕತ್ತು ಚಾಚುತ್ತದೆ.

"ಅಮ್ಮಾ, ಹಚ್ಲಾ?"

ತಾಯಿಯ ಕಿವಿ ಕೆಂಪಾಗಿದೆ. "ಬೇಡ ಕಣೇ. ಇದಿನ್ನೂ ಸ್ಯಾಂಪಲ್ಲು." ಜಾಡಿಯ ಬಟ್ಟೆಯನ್ನು ಕೈಗೆತ್ತಿಕೊಂಡು, "ಅಲ್ಲ, ಇಷ್ಟು ಬಿಸಿಲಲ್ಲಿ ಇದ್ದು ಯಾಕೆ ಒಣಗಲಿಲ್ಲ ಇದು? ಹೇಳ್ರೋ ಯಾರಾದ್ರೂ."

ಹಿಂದಿನ ಬೆಂಚಿನಿಂದ ಒಂದು ದನಿ: "ನೀರಿಗೆ ಹೊರಗೆ ಹೋಗಕ್ಕೆ ಬಾಗ್ಲೇ ಇಲ್ಲ ಆಂಟಿ." ಇನ್ನೊಂದು: "ಗಾಜಿನ ಒಳಗಡೆ ನೋಡಿ, ಬೆವರಿದೆ." "ಅದು ಬೆವರಲ್ವೋ, ಬಟ್ಟೆ ನೀರು." "ಜಾಡಿ ಕುಡೀತಿದೆ." ಮತ್ತೆ ಹಗ್ಗದ ಹುಡುಗಿ, ಬಾಣವನ್ನು ತನ್ನ ಲಂಗಕ್ಕೇ ಅಂಟಿಸಿಕೊಂಡು: "ಮುಚ್ಚಳ ತೆಗೆದು ಇಟ್ರೆ? ಆಗ ಏನಾಗುತ್ತೆ ಅಂತ ನಾನು ಬರೀತೀನಿ, ಪೆನ್ಸಿಲ್ ಕೊಡಮ್ಮ." ಸಂಜೆಯ ಹೊತ್ತಿಗೆ ಚೀಟಿ ಅಂಟಿಸಲು ಗೋಡೆ ಸಾಲದೆ ಬಾಗಿಲಿಗೂ ಹತ್ತಿವೆ. ಗಾಳಿಗೆ ಬಂದದ್ದು ನಾಲ್ಕೈದೇ, ಅದೂ ಈ ಸಲ ಕಾರಣದ ಸಮೇತ.

ಶನಿವಾರದ ಸಭೆಯಲ್ಲಿ ಕುರ್ಚಿ ಸಾಲದೆ ಅಪ್ಪಂದಿರು ಕಿಟಕಿಗೆ ಒರಗಿ ನಿಂತಿದ್ದಾರೆ. ದೊಡ್ಡ ಮಿಸ್ ಮಾತಾಡಿ ಮುಗಿಸಿದಾಗ ಚಪ್ಪಾಳೆ ಸಣ್ಣದು. ಮಗ್ಗಿ ತಾತ ಎದ್ದು ನಿಂತು, ಕನ್ನಡಕ ಒರೆಸಿ, ನಿಧಾನವಾಗಿ ಹೇಳುತ್ತಾರೆ: "ಆಟ ಚೆನ್ನಾಗಿದೆ. ನಾನು ಬೇಡ ಅನ್ನಲ್ಲ. ಆದ್ರೆ ನಾಳೆ ಪರೀಕ್ಷೆಲಿ 'ನಿನಗೇನನ್ನಿಸುತ್ತೆ' ಅಂತ ಕೇಳಲ್ಲಮ್ಮ. ಉತ್ತರ ಕೇಳ್ತಾರೆ. ಆಗ ಈ ಮಕ್ಕಳ ಗತಿ ಏನು? ಮಗ್ಗಿ ಬರದಿದ್ರೆ ಅಂಗಡೀಲಿ ಚಿಲ್ಲರೆ ಎಣಿಸೋದು ಯಾರು?" ಹಲವರ ತಲೆ ಆಡುತ್ತದೆ. ಪ್ರಶ್ನೆ ಸುಳ್ಳಲ್ಲ.

"ನಿಮ್ಮ ಮಾತು ಸರಿ, ತಾತ," ಎನ್ನುತ್ತಾರೆ ಯಾಕಮ್ಮ, ಎಲ್ಲರೂ ಮುಂದೆ ಬಾಗಿ ಕೇಳಬೇಕಾದ ದನಿಯಲ್ಲಿ. "ಮಗ್ಗಿ ಬಿಟ್ಟಿಲ್ಲ. ದಿನಾ ಬೆಳಿಗ್ಗೆ ಹೇಳಿಸ್ತೀವಿ. ಮೂರನೇ ತರಗತಿಲೂ ಹೇಳಿಸ್ತೀವಿ. ಬೇಕಾದ್ರೆ ನೀವೇ ಬಂದು ಹೇಳಿಸಿ."

ಆಗ ಕಿಟಕಿಯ ಬಳಿಯಿಂದ ಚೆಕಿಂಗ್ ಅಮ್ಮ ಮುಂದೆ ಬರುತ್ತಾರೆ. ಸಭೆಯಲ್ಲಿ ಮಾತಾಡಿ ಗೊತ್ತಿಲ್ಲದವರು. ಕಣ್ಣು ನೆಲದ ಮೇಲೆ. "ಒಂದು ಮಾತು. ಈ ವಾರ ನಾನೊಂದು ಎಡವಟ್ಟು ಮಾಡಿದೆ." ಗೋಡೆಯ ಕಥೆ, ಬಾಣದ ಕಥೆ, ಮರುದಿನದ ಗಾಳಿಯ ಕಥೆ ಹೇಳುತ್ತಾರೆ. ನೆರಳಿಗೂ ಗಾಳಿ ಎಂದಾಗ ಸಭೆ ಗೊಳ್ಳೆಂದು ನಗುತ್ತದೆ. ಅವರು ನಗುವುದಿಲ್ಲ. "ನನ್ನ ಮಗಳು ಪೆನ್ಸಿಲ್ ಮುಚ್ಚಿಟ್ಟುಬಿಟ್ಟಿದ್ಳು. ತಪ್ಪಾಗಬಾರದು ಅಂತ ಒಂದೇ ಒಂದು ದಿನ ಹೇಳಿದೆ, ಅಷ್ಟೂ ಮಕ್ಕಳು ಒಂದೇ ಉತ್ತರ ಹಿಡ್ಕೊಂಡು ಕೂತ್ರು. ವರ್ಷ ಪೂರ್ತಿ ಹೇಳಿದ್ರೆ? ತಾತ, ಕೊನೇಲಿ ಅಂಗಿ ಸರಿ ಇರ್ಬೇಕು, ಅದು ನನ್ನ ಅನ್ನ, ನನಗೆ ಗೊತ್ತು. ಆದ್ರೆ ಮೊದಲ ದಿನಾನೇ ಸರಿ ಇರ್ಬೇಕು ಅಂದ್ರೆ ಹೊಸ ಅಂಗಿ ಹೊಲಿಯೋರೇ ಇರಲ್ಲ. ಹಳೇದನ್ನೇ ಹೊಲೀತಾ ಇರ್ತಾರೆ."

ಹೇಳಿ ಮತ್ತೆ ಕಿಟಕಿಗೆ ಹೋಗಿ ನಿಲ್ಲುತ್ತಾರೆ. ಬ್ರೆಡ್ ಭಟ್ಟಿಯ ತಂದೆ ಪಕ್ಕದವರಿಗೆ ಬಟ್ಟೆ ಬಿಡಿಸಿ ಹಾಕುವುದರ ಬಗ್ಗೆ ಏನೋ ವಿವರಿಸತೊಡಗಿದ್ದಾನೆ. 'ಒಂದೇ ನಿಮಿಷ' ಅಪ್ಪ ಹೆಲ್ಮೆಟ್ ತೆಗೆದು ಮಡಿಲಲ್ಲಿಟ್ಟುಕೊಂಡಿದ್ದಾನೆ.

ದೊಡ್ಡ ಮಿಸ್ ಕೈ ಎತ್ತಲು ಹೇಳುತ್ತಾರೆ. ಮೂರನೇ ತರಗತಿಯಲ್ಲೂ ಇದೇ ದಾರಿ ಇರಲಿ ಎನ್ನುವವರು? ಮೊದಲು ಅಲ್ಲೊಂದು ಇಲ್ಲೊಂದು, ಆಮೇಲೆ ಗುಂಪುಗುಂಪಾಗಿ. ಎಣಿಸಬೇಕಾಗುವುದಿಲ್ಲ, ಕಣ್ಣಿಗೇ ಕಾಣುತ್ತದೆ. ಯಾಕಮ್ಮನ ಕಣ್ಣು ಮಾತ್ರ ಮೊದಲ ಸಾಲಿನ ಒಂದು ಕೈಯ ಮೇಲಿದೆ. ಅದು ಮೊಣಕಾಲ ಮೇಲೆ ಬೆರಳು ಕುಟ್ಟುತ್ತಿದೆ, ಏನನ್ನೋ ಗುಣಿಸುವಂತೆ. ಕಟ್ಟಕಡೆಗೆ, ಅರ್ಧಕ್ಕೆ, ಭುಜದಿಂದ ಒಂದಿಷ್ಟೇ ಮೇಲಕ್ಕೆ ಏಳುತ್ತದೆ.

ಸಭೆ ಚದುರಿದ ಮೇಲೆ ಮಗ್ಗಿ ತಾತ ಗೇಟಿನ ಕೋಣೆಯ ಬಾಗಿಲಲ್ಲಿ ನಿಲ್ಲುತ್ತಾರೆ. ಕೂರಿ ಎಂದರೆ ಆ ಕುರ್ಚಿ ತನಗೆ ಬೇಡವೆನ್ನುತ್ತಾರೆ.

"ಕೈ ಎತ್ತಿದೆ ಅಂತ ಒಪ್ಕೊಂಡೆ ಅಂದ್ಕೋಬೇಡಮ್ಮ."

"ಇಲ್ಲ ತಾತ."

"ಒಂದು ವರ್ಷ ನೋಡ್ತೀನಿ. ಹುಡುಗ ಏನಾಗ್ತಾನೆ ಅಂತ ಕಣ್ಣಾರೆ ನೋಡಿ, ಆಮೇಲೆ ಹೇಳ್ತೀನಿ ಸರಿಯೋ ತಪ್ಪೋ ಅಂತ. ಈಗ್ಲೇ ಏನೂ ಹೇಳಲ್ಲ."

ಅವರು ಮೊಮ್ಮಗನ ಕೈ ಹಿಡಿದು ಗೇಟು ದಾಟುತ್ತಾರೆ. ಕೈ ಎತ್ತಿಯೂ ಒಪ್ಪಿಲ್ಲವೆನ್ನುವ ಈ ತಾತನಿಗೆ ಏನು ಹೇಳುವುದೆಂದು ದೊಡ್ಡ ಮಿಸ್ ಕೇಳಿದರೆ, ಯಾಕಮ್ಮ ಬಕೆಟ್ಟಿನ ನೀರನ್ನು ಗಿಡದ ಬುಡಕ್ಕೆ ಚೆಲ್ಲುತ್ತ, ಉಳಿದಷ್ಟು ದನಿಯಲ್ಲಿ ಹೇಳುತ್ತಾರೆ:

"ಮೊದಲು ನೋಡ್ತೀನಿ, ಆಮೇಲೆ ಹೇಳ್ತೀನಿ ಅಂದ್ರಲ್ಲ. ಇಷ್ಟು ದಿನ ಈ ಕೋಣೇಲಿ ಕೂತು ನಾನು ಹೇಳಿಕೊಡ್ತಿರೋದು ಅದೊಂದೇ."